ಸಿಲಬಸ್ಸಿನ ಆಚೆಗಿನ ಕಂಪ್ಯೂಟರ್ ಪಾಠಗಳು: ಅಂಕವಿಲ್ಲದ ಈ ವಿಷಯಗಳಲ್ಲಿ ಏನಿದೆ?

ಏನು ಬೇಕು ಅಂತ ಎರಡು ಸಾಲಿನಲ್ಲಿ ಹೇಳಿದರೆ ಸಾಕು, ಎಐ ಈಗ ಪ್ರೋಗ್ರಾಮ್ ಬರೆದು ಕೈಗಿಡುತ್ತದೆ. ಹೈಸ್ಕೂಲಿನ ಮಕ್ಕಳು ವರ್ಷವಿಡೀ ಕೂತು ಕಲಿಯುವ ಲೂಪು, ಲಿಸ್ಟು, ಫಂಕ್ಷನ್ ಎಲ್ಲ ಅದಕ್ಕೆ ಕ್ಷಣದ ಕೆಲಸ. ಹಾಗಾಗಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಮಕ್ಕಳಿಗೂ ಅವರ ಹೆತ್ತವರಿಗೂ ಒಂದೇ ಗೊಂದಲ: ಇನ್ನು ಕಲಿಯೋದಕ್ಕೆ ಏನು ಉಳಿದಿದೆ?

ಈ ಪ್ರಶ್ನೆಗೆ ಒಂದು ಹಳೆಯ ಉತ್ತರವಿದೆ. ಬಹಳ ಕೋರ್ಸುಗಳಲ್ಲಿ ಕಡ್ಡಾಯ ಪಾಠಗಳ ಪಕ್ಕದಲ್ಲೇ ಇನ್ನೊಂದಿಷ್ಟು ವಿಷಯಗಳಿರುತ್ತವೆ. ಸಮಯ ಉಳಿದರೆ ಮಾಡಿ, ಇಷ್ಟವಿದ್ದರೆ ಮಾಡಿ ಎನ್ನುವಂಥವು. ಅಂಕವಿಲ್ಲ, ಪರೀಕ್ಷೆಯಲ್ಲಿ ಬರುವುದಿಲ್ಲ. ಹಾಗಾಗಿ ಪಾಠ ಮುಗಿಸುವ ಗಡಿಬಿಡಿಯಲ್ಲಿ ಮೊದಲು ಕೈಬಿಡುವುದೂ ಇವನ್ನೇ. ಈ ಲೇಖನ ಅಂಥ ಕೆಲವು ವಿಷಯಗಳ ಬಗ್ಗೆ.

ಹೆಚ್ಚುವರಿ ಪಾಠ ಅಂದರೆ ಏನು?

ಮುಂದಿನ ತರಗತಿಯ ಪಾಠವನ್ನು ಈಗಲೇ ಓದಿಸಿಬಿಡುವುದನ್ನು ಹೆಚ್ಚುವರಿ ಪಾಠ ಅನ್ನುವುದಿಲ್ಲ. ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಕಲಿಸುವುದನ್ನೂ ಅಲ್ಲ. ಎರಡಕ್ಕೂ ಅವುಗಳದೇ ಉಪಯೋಗವಿದೆ, ಆದರೆ ಅವು ಅದೇ ದಾರಿಯಲ್ಲಿ ಇನ್ನಷ್ಟು ದೂರ ನಡೆದ ಹಾಗೆ.

ಮುಖ್ಯ ಪಾಠ ಕಲಿಸುವುದು ಕಂಪ್ಯೂಟರಿಗೆ ಕೆಲಸ ಹೇಳುವುದು ಹೇಗೆ ಅಂತ. ಹೆಚ್ಚುವರಿ ಪಾಠ ಶುರುವಾಗುವುದು ಆ ಕೆಲಸ ಎಲ್ಲಿ ಅಡ್ಡಿಗೆ ಸಿಕ್ಕಿಕೊಳ್ಳುತ್ತದೆ ಅನ್ನುವಲ್ಲಿ. ಇರುವ ಜಾಗ ಸಾಲದೆ ಹೋದರೆ? ಸಮಯ ಸಾಲದೆ ಹೋದರೆ? ದಾರಿಯಲ್ಲಿ ಮಾಹಿತಿ ಕೆಟ್ಟರೆ? ಮೂರನೆಯವರು ಕದ್ದು ಕೇಳುತ್ತಿದ್ದರೆ? ಉತ್ತರವೇ ಇಲ್ಲದ ಪ್ರಶ್ನೆ ಎದುರಾದರೆ? ಇವಕ್ಕೆಲ್ಲ ಕಾಗದ, ಪೆನ್ನು, ಒಂದಿಷ್ಟು ಚೀಟಿ ಇದ್ದರೆ ಸಾಕು. ಲ್ಯಾಬ್ ಖಾಲಿ ಇಲ್ಲ ಅನ್ನುವ ಮಾತೇ ಬರುವುದಿಲ್ಲ.

‘ಕನ್ನಡ’ ಪದದಲ್ಲಿ ಎಷ್ಟು ಅಕ್ಷರ?

ಮೂರು, ಅಲ್ವಾ? ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಪದದ ಉದ್ದ ಕೇಳಿ ನೋಡಿ. ಐದು ಅನ್ನುತ್ತದೆ.

ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಸಂಖ್ಯೆ ಮಾತ್ರ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಟ್ಟು ಎಲ್ಲರೂ ಆ ಪಟ್ಟಿಗೆ ಒಪ್ಪಿಕೊಳ್ಳಬೇಕು. 1963ರಲ್ಲಿ ಬಂದ ಆಸ್ಕಿ ಅಂಥ ಒಂದು ಪಟ್ಟಿ. ಅದರಲ್ಲಿದ್ದದ್ದು ಬರೀ 128 ಜಾಗ. ಇಂಗ್ಲಿಷಿನ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ ಸೇರುವಷ್ಟರಲ್ಲಿ ಅದು ತುಂಬಿಹೋಯಿತು. ಉಳಿದ ಭಾಷೆಗಳವರು ತಮ್ಮ ತಮ್ಮ ಪಟ್ಟಿ ಮಾಡಿಕೊಂಡರು. ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣುತ್ತಿದ್ದದ್ದು ಇದೇ ಕಾರಣಕ್ಕೆ.

ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಇರಲಿ ಅಂತ ಬಂದದ್ದು ಯೂನಿಕೋಡ್. ಮೊದಲ ಆವೃತ್ತಿ 1991ರದು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳ ಒಂದು ಬೀದಿಯೇ ಇದೆ. ‘ಕ’ ಇರುವುದು 3221ನೇ ಮನೆಯಲ್ಲಿ, ‘ನ’ 3240ರಲ್ಲಿ, ‘ಡ’ 3233ರಲ್ಲಿ. ಒತ್ತಕ್ಷರಗಳಿಗೆ ಬೇರೆ ಮನೆ ಇಲ್ಲ. ಎರಡು ವ್ಯಂಜನಗಳ ನಡುವೆ ಅರ್ಧಾಕ್ಷರದ ಗುರುತು ಇಟ್ಟರೆ ಒತ್ತು ಆಗುತ್ತದೆ, ಅದರ ನಂಬರ್ 3277. ಹಾಗಾಗಿ ‘ಕನ್ನಡ’ ಅಂದರೆ ಕಂಪ್ಯೂಟರಿಗೆ 3221, 3240, 3277, 3240, 3233. ಐದು ನಂಬರ್. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅದಕ್ಕೆ ಆರು.

ಪದವನ್ನು ಹಿಂದುಮುಂದು ಮಾಡುವ ಪ್ರೋಗ್ರಾಮ್ ಬರೆಯಿರಿ ಅನ್ನುವುದು ತರಗತಿಯ ಮಾಮೂಲಿ ಲೆಕ್ಕ. ಅದಕ್ಕೆ ‘ಮಲ್ಲಿಗೆ’ ಕೊಟ್ಟು ನೋಡಿ. ‘ಗೆಲ್ಲಿಮ’ ಬರಬೇಕಿತ್ತು. ಬರುವುದು ಒಂಟಿಯಾಗಿ ನೇತಾಡುವ ಒಂದು ಎತ್ವ, ಅದರ ಹಿಂದೆ ‘ಗಿಲ್ಲಮ’. ಲ್ಲಿಯ ಗುಡಿಸು ಗ-ಗೆ ಹೋಗಿ ಕೂತಿರುತ್ತದೆ. ‘ಕನ್ನಡ’ ಕೊಟ್ಟರೆ ಮಾತ್ರ ‘ಡನ್ನಕ’ ಅಂತ ಸರಿಯಾಗೇ ಬರುತ್ತದೆ. ಯಾಕೆ ಅಂತ ಯೋಚಿಸುವ ಕೆಲಸ ನಿಮಗೇ ಬಿಟ್ಟಿದ್ದೇನೆ. ಇಂಗ್ಲಿಷ್ ಪದ ಮಾತ್ರ ಹಾಕಿ ಪರೀಕ್ಷಿಸಿದವರಿಗೆ ಈ ತಪ್ಪು ಕಾಣುವುದೇ ಇಲ್ಲ.

ಈ ನಂಬರುಗಳನ್ನು ಫೈಲಿನಲ್ಲಿ ಇಡುವುದಕ್ಕೆ ಜಾಸ್ತಿ ಬಳಕೆಯಲ್ಲಿರುವ ಕ್ರಮದ ಹೆಸರು ಯುಟಿಎಫ್-8. ಒಂದು 0 ಅಥವಾ 1 ಹಿಡಿಯುವ ಜಾಗಕ್ಕೆ ಬಿಟ್ ಅನ್ನುತ್ತಾರೆ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ನಂಬರಿಗೂ 3 ಬೈಟ್ ಬೇಕು. ಹಾಗಾಗಿ ‘ಕನ್ನಡ’ 15 ಬೈಟ್. ಎಸ್ಸೆಮ್ಮೆಸ್ ಕತೆ ಇನ್ನೊಂದು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇರುವ ಜಾಗ 140 ಬೈಟ್. ಇಂಗ್ಲಿಷಿನಲ್ಲಿ ಅಕ್ಷರಕ್ಕೆ 7 ಬಿಟ್ ಸಾಕಾಗುವುದರಿಂದ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ 16 ಬಿಟ್ ಬೇಕಾಗಿ, 70ಕ್ಕೇ ತುಂಬಿಬಿಡುತ್ತದೆ.

0.1ಕ್ಕೆ 0.2 ಕೂಡಿಸಿದರೆ?

0.30000000000000004. ಸುಮ್ನೆ ಹೇಳುತ್ತಿಲ್ಲ, ಪೈಥಾನ್ ಕೊಡುವ ಉತ್ತರ ಇದೇ. ಮೊದಲ ಸಲ ನೋಡಿದವರು ಕಂಪ್ಯೂಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ.

1ನ್ನು 3ರಿಂದ ಭಾಗಿಸಿ ದಶಮಾಂಶದಲ್ಲಿ ಬರೆಯಲು ಹೋಗಿ. 0.3333 ಅಂತ ಬರೆಯುತ್ತಲೇ ಇರಬೇಕು, ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕೈ ನಿಲ್ಲಿಸಿದರೆ ಅಷ್ಟು ತಪ್ಪು ಉಳಿಯುತ್ತದೆ. ಹತ್ತರ ಲೆಕ್ಕದಲ್ಲಿ ಮೂರನೇ ಒಂದು ಭಾಗಕ್ಕೆ ಆಗುವ ಗತಿಯೇ ಎರಡರ ಲೆಕ್ಕದಲ್ಲಿ ಹತ್ತನೇ ಒಂದು ಭಾಗಕ್ಕೆ ಆಗುತ್ತದೆ. ಕಂಪ್ಯೂಟರ್ ಬಳಸುವುದು 0 ಮತ್ತು 1 ಎರಡೇ ಅಂಕಿ. ಅದರಲ್ಲಿ 0.1 ಬರೆದರೆ 0.000110011 ಅಂತ ಶುರುವಾಗಿ, 0011 ಕೊನೆಯಿಲ್ಲದೆ ಮರುಕಳಿಸುತ್ತದೆ. ಜಾಗ ಮುಗಿದಲ್ಲಿ ಕತ್ತರಿಸಲೇಬೇಕು.

ಅಷ್ಟು ಸಣ್ಣ ತಪ್ಪಿನಿಂದ ಏನಾದೀತು ಅನ್ನಿಸುವುದು ಸಹಜ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ರಕ್ಷಣಾ ವ್ಯವಸ್ಥೆ ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. ಅದರ ಗಡಿಯಾರ ಸೆಕೆಂಡಿನ ಹತ್ತನೇ ಭಾಗಗಳನ್ನು ಎಣಿಸುತ್ತಿತ್ತು, ಆಮೇಲೆ ಆ ಎಣಿಕೆಯನ್ನು 0.1ರಿಂದ ಗುಣಿಸಿ ಸೆಕೆಂಡ್ ಮಾಡಿಕೊಳ್ಳುತ್ತಿತ್ತು. ಆ 0.1ನ್ನು 24 ಬಿಟ್ಟಿಗೆ ಕತ್ತರಿಸಲಾಗಿತ್ತು. ಯಂತ್ರ ಸುಮಾರು 100 ಗಂಟೆ ನಿಲ್ಲದೆ ಓಡಿದಾಗ ಗಡಿಯಾರ 0.34 ಸೆಕೆಂಡು ತಪ್ಪಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗುತ್ತದೆ. ರೇಡಾರ್ ಬೇರೆ ಜಾಗದಲ್ಲಿ ಹುಡುಕಿತು. 28 ಸೈನಿಕರು ಸತ್ತರು.

ಇದರ ಜೊತೆ ಓದುವಂಥ ಇನ್ನೊಂದು ವಿಷಯ ಅಂಕಿ ತುಂಬಿ ತುಳುಕುವುದು. ಎಷ್ಟೋ ಹಳೆಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆಯಿತು ಅಂತ 32 ಬಿಟ್ಟಿನಲ್ಲಿ ಎಣಿಸುತ್ತವೆ. ಆ ಜಾಗ 2038ರ ಜನವರಿ 19ಕ್ಕೆ ತುಂಬುತ್ತದೆ. ಆಮೇಲೆ ಎಣಿಕೆ ಋಣ ಸಂಖ್ಯೆಗೆ ಮಗುಚಿ, ಗಡಿಯಾರ 1901ನ್ನು ತೋರಿಸುತ್ತದೆ. ಇಂದು ಹೈಸ್ಕೂಲಿನಲ್ಲಿರುವವರು ಆಗ ಕೆಲಸದಲ್ಲಿರುತ್ತಾರೆ.

ವೇಗದ ಕಂಪ್ಯೂಟರ್ ಇದ್ದರೂ ಸಾಲದ ಲೆಕ್ಕ

ನಾನು 1ರಿಂದ 10 ಲಕ್ಷದೊಳಗೆ ಒಂದು ಸಂಖ್ಯೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನೀವು ಒಂದು ಸಂಖ್ಯೆ ಹೇಳಿದರೆ, ನನ್ನದು ಅದಕ್ಕಿಂತ ದೊಡ್ಡದೋ ಚಿಕ್ಕದೋ ಅಂತ ಹೇಳುತ್ತೇನೆ. ಪ್ರತಿ ಸಲವೂ ಉಳಿದದ್ದರ ನಟ್ಟನಡುವಿನದನ್ನೇ ಕೇಳಿದರೆ ಹೆಚ್ಚೆಂದರೆ 20 ಪ್ರಶ್ನೆಯಲ್ಲಿ ನನ್ನ ಸಂಖ್ಯೆ ಸಿಕ್ಕಿಬೀಳುತ್ತದೆ. 20 ಲಕ್ಷ ಆದರೆ 21 ಪ್ರಶ್ನೆ. ನೂರು ಕೋಟಿ ಆದರೆ 30. ಲೆಕ್ಕ ದುಪ್ಪಟ್ಟಾದಾಗಲೆಲ್ಲ ಒಂದೇ ಒಂದು ಪ್ರಶ್ನೆ ಹೆಚ್ಚು. ನಿಘಂಟಿನಲ್ಲಿ ಪದ ಹುಡುಕುವಾಗ ನಾವೂ ಹೆಚ್ಚುಕಡಿಮೆ ಹೀಗೇ ಮಾಡುತ್ತೇವೆ.

ಈಗ ಇದರ ಉಲ್ಟಾ. ಒಂದು ಊರಿನಿಂದ ಹೊರಟು ಉಳಿದ ಊರುಗಳನ್ನೆಲ್ಲ ಒಂದೊಂದು ಸಲ ನೋಡಿ, ಹೊರಟಲ್ಲಿಗೇ ವಾಪಸ್ ಬರಬೇಕು. ಯಾವ ಕ್ರಮದಲ್ಲಿ ಹೋದರೆ ದಾರಿ ಕಡಿಮೆ? ಎಲ್ಲ ಕ್ರಮಗಳನ್ನೂ ಹಾಕಿ ನೋಡಿದರಾಯಿತು ಅಂತ ತೋರುತ್ತದೆ. ಒಟ್ಟು 10 ಊರಾದರೆ 3,62,880 ಕ್ರಮ. ಕಂಪ್ಯೂಟರಿಗೆ ಇದು ಲೆಕ್ಕಕ್ಕೇ ಇಲ್ಲ. ಸೆಕೆಂಡಿಗೆ ನೂರು ಕೋಟಿ ಕ್ರಮ ನೋಡುವ ಯಂತ್ರ ಇದೆ ಅಂತಿಟ್ಟುಕೊಳ್ಳಿ. 20 ಊರಿಗೆ ಅದಕ್ಕೆ ಬೇಕಾಗುವುದು ಸುಮಾರು 4 ವರ್ಷ. ಇನ್ನು ಐದೇ ಐದು ಊರು ಸೇರಿಸಿದರೆ? ಸುಮಾರು 2 ಕೋಟಿ ವರ್ಷ.

ನೂರು ಪಟ್ಟು ವೇಗದ ಯಂತ್ರ ತಂದರೂ 2 ಕೋಟಿ ಹೋಗಿ 2 ಲಕ್ಷ ಆಗುತ್ತದೆ, ಅಷ್ಟೇ. ಪ್ರೋಗ್ರಾಮ್ ಸರಿಯಾಗಿಯೇ ಇದೆ, ಉತ್ತರವೂ ಸರಿಯಾಗಿಯೇ ಬರುತ್ತದೆ, ಕಾಯುವುದಕ್ಕೆ ಮಾತ್ರ ಯಾರೂ ಇರುವುದಿಲ್ಲ. ಸುಮ್ಮನೆ ಎಲ್ಲ ಕ್ರಮ ಎಣಿಸುವುದಕ್ಕಿಂತ ಜಾಣ ದಾರಿಗಳಿವೆ, ಅವು ಸಾಕಷ್ಟು ದೊಡ್ಡ ಲೆಕ್ಕಗಳನ್ನೂ ಬಿಡಿಸಿವೆ. ಆದರೆ ಊರುಗಳು ಎಷ್ಟೇ ಇರಲಿ, ಹೇಗೇ ಹರಡಿರಲಿ, ಬೇಗ ಬಿಡಿಸುತ್ತೇನೆ ಎಂದು ಭರವಸೆ ಕೊಡುವ ದಾರಿ ಈವರೆಗೆ ಸಿಕ್ಕಿಲ್ಲ. ಅಂಥದ್ದು ಇಲ್ಲವೇ ಇಲ್ಲ ಅಂತಲೂ ಯಾರೂ ತೋರಿಸಿಲ್ಲ. ‘ಪಿ ಮತ್ತು ಎನ್‌ಪಿ’ ಅನ್ನುವ ಹೆಸರಿನ ಪ್ರಶ್ನೆಯ ತಿರುಳು ಇದೇ. 1971ರಲ್ಲಿ ಸ್ಟೀಫನ್ ಕುಕ್ ಇದನ್ನು ಖಚಿತ ರೂಪದಲ್ಲಿ ಮುಂದಿಟ್ಟರು. 2000ದಲ್ಲಿ ಕ್ಲೇ ಗಣಿತ ಸಂಸ್ಥೆ ಇದನ್ನು ಬಿಡಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿತು. ಆ ದುಡ್ಡು ಇನ್ನೂ ಹಾಗೇ ಇದೆ.

ಹರಿದ ಕ್ಯೂಆರ್ ಕೋಡ್ ಹೇಗೆ ಓದುತ್ತದೆ?

ಮೊದಲು ಒಂದು ಆಟ. ಒಂದು ಬದಿ ಮಾತ್ರ ಬಣ್ಣವಿರುವ 25 ಚೀಟಿ ಬೇಕು. 16 ಚೀಟಿಗಳನ್ನು ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕರಂತೆ ಜೋಡಿಸಲು ಗೆಳತಿಗೆ ಹೇಳಿ. ಬಣ್ಣ ಮೇಲೋ ಕೆಳಗೋ ಅವಳಿಷ್ಟ. ‘ಆಟ ತೀರಾ ಸುಲಭ ಆಯ್ತು, ಸ್ವಲ್ಪ ಕಷ್ಟ ಮಾಡೋಣ’ ಅಂತ ಹೇಳಿ, ಪ್ರತಿ ಸಾಲಿನ ಕೊನೆಗೆ ನೀವೊಂದು ಚೀಟಿ ಸೇರಿಸಿ. ಕೆಳಗೂ ಐದು ಚೀಟಿಗಳ ಒಂದು ಸಾಲು ಹಾಕಿ. ಈಗ ಅವಳು ಯಾವುದಾದರೂ ಒಂದು ಚೀಟಿಯನ್ನು ಮಗುಚಿ ಹಾಕಲಿ, ನೀವು ಬೆನ್ನು ತಿರುಗಿಸಿ ನಿಲ್ಲಿ. ತಿರುಗಿ ನೋಡಿ, ಮಗುಚಿದ್ದು ಯಾವುದು ಅಂತ ಬೆರಳು ಮಾಡಿ ತೋರಿಸಿ.

ಗುಟ್ಟು ನೀವು ಸೇರಿಸಿದ ಚೀಟಿಗಳಲ್ಲಿದೆ. ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಉದ್ದಸಾಲಿನಲ್ಲೂ ಬಣ್ಣದ ಚೀಟಿಗಳು ಸಮ ಸಂಖ್ಯೆಯಲ್ಲಿ ಇರುವ ಹಾಗೆ ನೀವು ನೋಡಿಕೊಂಡಿರುತ್ತೀರಿ. ಒಂದು ಮಗುಚಿದರೆ ಒಂದು ಅಡ್ಡಸಾಲು, ಒಂದು ಉದ್ದಸಾಲು ಬೆಸವಾಗುತ್ತದೆ. ಎರಡೂ ಸೇರುವ ಜಾಗದಲ್ಲಿ ಕಳ್ಳ ಇದ್ದಾನೆ.

ಮಾಹಿತಿ ತಂತಿಯಲ್ಲೋ ಗಾಳಿಯಲ್ಲೋ ಹೋಗುವಾಗ ಒಂದು 0 ಮಗುಚಿ 1 ಆಗಬಹುದು. ಅದಕ್ಕೇ ಬೇಕಾದ ಮಾಹಿತಿಯ ಜೊತೆ ಒಂದಿಷ್ಟು ಹೆಚ್ಚುವರಿ ಬಿಟ್ ಸೇರಿಸಿ ಕಳಿಸುತ್ತಾರೆ. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯದಲ್ಲಿ ಯಂತ್ರಕ್ಕೆ ಲೆಕ್ಕ ಹಚ್ಚಿ ಹೋಗುತ್ತಿದ್ದರು. ತಪ್ಪು ಕಂಡ ಕೂಡಲೇ ಯಂತ್ರ ಆ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗಿರುತ್ತಿತ್ತು. ತಪ್ಪಾಗಿದೆ ಅಂತ ಗೊತ್ತಾಗುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಅಂತ ಕಂಡುಹಿಡಿದು ತಿದ್ದಿಕೊಳ್ಳಲು ಯಾಕಾಗಬಾರದು ಅನ್ನುವ ಸಿಟ್ಟಿನಿಂದ ಹುಟ್ಟಿದ್ದು 1950ರಲ್ಲಿ ಅವರು ಪ್ರಕಟಿಸಿದ ಹ್ಯಾಮಿಂಗ್ ಕೋಡ್.

1994ರಲ್ಲಿ ಜಪಾನಿನ ಡೆನ್ಸೊ ವೇವ್ ತಂದ ಕ್ಯೂಆರ್ ಕೋಡಿನಲ್ಲಿ ಇದಕ್ಕಿಂತ ಬಲವಾದ ವಿಧಾನವಿದೆ. 1960ರಲ್ಲಿ ಬಂದ ರೀಡ್–ಸಾಲೊಮನ್ ಕೋಡ್ ಅದು. ಕ್ಯೂಆರ್‌ನಲ್ಲಿ ನಾಲ್ಕು ಮಟ್ಟದ ರಕ್ಷಣೆ ಇದೆ. ಎಲ್ಲಕ್ಕಿಂತ ಮೇಲಿನದನ್ನು ಆರಿಸಿದರೆ ಸುಮಾರು 30 ಶೇಕಡಾ ಮಾಹಿತಿ ಹಾಳಾದರೂ ಓದಬಹುದು. ನಡುವೆ ಕಂಪನಿಯ ಲೋಗೊ ಅಂಟಿಸಿದರೂ ಕ್ಯೂಆರ್ ಕೆಲಸ ಮಾಡುವುದು ಇದರಿಂದಲೇ. ಆ ಲೋಗೊ ಕ್ಯೂಆರ್ ಪಾಲಿಗೆ ಒಂದು ಕಲೆ, ಅಷ್ಟೇ.

ಎಲ್ಲರೆದುರು ಕೂಗಿ ಗುಟ್ಟು ಮಾಡಿಕೊಳ್ಳುವುದು

ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಸೊಗಸಾದದ್ದು ಇದು.

ಗುಪ್ತಲಿಪಿ ಹಳೆಯ ವಿದ್ಯೆ. ಪ್ರತಿ ಅಕ್ಷರದ ಬದಲು ಮೂರು ಜಾಗ ಮುಂದಿನ ಅಕ್ಷರ ಬರೆಯುವುದು ಅದರ ಸುಲಭ ರೂಪ. ಇಲ್ಲಿ ‘ಮೂರು’ ಅನ್ನುವುದೇ ಕೀಲಿ. ಆದರೆ ಕೀಲಿ ಇಬ್ಬರಿಗೂ ಮೊದಲೇ ಗೊತ್ತಿರಬೇಕಲ್ಲ? ಎಂದೂ ಭೇಟಿಯಾಗದ ಇಬ್ಬರು, ಎಲ್ಲರೂ ಕೇಳಿಸಿಕೊಳ್ಳುತ್ತಿರುವ ಜಾಗದಲ್ಲಿ, ಒಂದು ಕೀಲಿಗೆ ಒಪ್ಪಿಕೊಳ್ಳುವುದು ಹೇಗೆ? ನೀವು ಯಾವುದಾದರೂ ವೆಬ್‌ಸೈಟ್ ತೆರೆದಾಗಲೆಲ್ಲ ನಡೆಯುವುದು ಇದೇ. ಇದು ಆಗದ ಮಾತು ಅಂತಲೇ ಬಹಳ ಕಾಲ ಜನ ನಂಬಿದ್ದರು.

ತರಗತಿಯಲ್ಲೇ ಮಾಡಿ ನೋಡಬಹುದು. ಬೇಕಾದದ್ದು ಗುಣಾಕಾರ ಮತ್ತು ಶೇಷ. ಶೇಷದ ಲೆಕ್ಕ ಅಂದರೆ ಗಡಿಯಾರದ ಲೆಕ್ಕ. 10 ಗಂಟೆಗೆ 5 ಸೇರಿಸಿದರೆ 3 ಗಂಟೆ ಅನ್ನುತ್ತೇವಲ್ಲ, 12 ದಾಟಿದ ಮೇಲೆ ಮತ್ತೆ ಮೊದಲಿನಿಂದ. ಇಲ್ಲಿ 12ರ ಬದಲು 17 ತೆಗೆದುಕೊಳ್ಳೋಣ.

ಮೊದಲ ಬೆಂಚಿನ ಹುಡುಗಿ, ಕೊನೆಯ ಬೆಂಚಿನ ಹುಡುಗ. 3 ಮತ್ತು 17 ಎರಡು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆಯಿರಿ, ಎಲ್ಲರೂ ನೋಡಲಿ. ಹುಡುಗಿ ಮನಸ್ಸಿನಲ್ಲೇ 6 ಇಟ್ಟುಕೊಳ್ಳುತ್ತಾಳೆ. ಆರು ಮೂರುಗಳನ್ನು ಗುಣಿಸಿದರೆ 729, ಅದನ್ನು 17ರಿಂದ ಭಾಗಿಸಿದರೆ ಶೇಷ 15. ‘ಹದಿನೈದು’ ಅಂತ ಕೂಗುತ್ತಾಳೆ. ಹುಡುಗನ ಗುಟ್ಟು 7. ಏಳು ಮೂರುಗಳನ್ನು ಗುಣಿಸಿದರೆ 2187, ಶೇಷ 11. ‘ಹನ್ನೊಂದು’ ಅಂತ ಕೂಗುತ್ತಾನೆ.

ಈಗ ಹುಡುಗಿ ಅವನ 11ನ್ನು ತನ್ನ ಗುಟ್ಟಿನಂತೆ ಆರು ಸಲ ಇಟ್ಟು ಗುಣಿಸಿ ಶೇಷ ತೆಗೆಯುತ್ತಾಳೆ. 8 ಬರುತ್ತದೆ. ಹುಡುಗ ಅವಳ 15ನ್ನು ಏಳು ಸಲ ಇಟ್ಟು ಗುಣಿಸಿ ಶೇಷ ತೆಗೆಯುತ್ತಾನೆ. ಅವನಿಗೂ 8. ಕೀಲಿ ಸಿಕ್ಕಿತು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲೇ ಇಲ್ಲ!

ಎರಡೂ ಕಡೆ ಒಂದೇ ಉತ್ತರ ಬಂದದ್ದು ಕಾಕತಾಳೀಯವಲ್ಲ. ಮೂರನ್ನು ಮೊದಲು ಆರು ಸಲ ಆಮೇಲೆ ಏಳು ಸಲ ಮಾಡಿದರೂ, ಮೊದಲು ಏಳು ಆಮೇಲೆ ಆರು ಮಾಡಿದರೂ, ಕೊನೆಗೆ ಗುಣಿಸಿದ್ದು 42 ಮೂರುಗಳನ್ನೇ. ನಡುವಿನ ಬೆಂಚಿನವರು 3, 17, 15, 11 ಎಲ್ಲ ಕೇಳಿಸಿಕೊಂಡಿದ್ದಾರೆ. ಆದರೆ ಎಷ್ಟು ಮೂರು ಗುಣಿಸಿದರೆ ಶೇಷ 15 ಬರುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲ. 17ರಂಥ ಪುಟ್ಟ ಸಂಖ್ಯೆಗೆ ಒಂದೊಂದಾಗಿ ಹಾಕಿ ನೋಡಿ ಹಿಡಿಯಬಹುದು. ನಿಜವಾದ ಬಳಕೆಯಲ್ಲಿ 17ರ ಜಾಗದಲ್ಲಿ 600ಕ್ಕಿಂತ ಜಾಸ್ತಿ ಅಂಕಿಗಳಿರುವ ಸಂಖ್ಯೆ ಇಡುತ್ತಾರೆ. ಗುಣಿಸಿ ಶೇಷ ತೆಗೆಯುವುದು ಆಗಲೂ ಸುಲಭ. ಹಿಂದಕ್ಕೆ ಹೋಗುವುದು ಮಾತ್ರ ಹಿಂದಿನ ಭಾಗದ ಊರು ಸುತ್ತುವ ಲೆಕ್ಕದ ಹಾಗೆ ವರ್ಷಗಳನ್ನು ನುಂಗುತ್ತದೆ. ಕಂಪ್ಯೂಟರಿಗೆ ಸಮಯ ಸಾಲದು ಅನ್ನುವುದೇ ಇಲ್ಲಿ ನಮ್ಮ ಬೀಗ.

1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಇದನ್ನು ಪ್ರಕಟಿಸಿದರು. ಅದಕ್ಕಿಂತ ಒಂದೆರಡು ವರ್ಷ ಮೊದಲೇ ಬ್ರಿಟನ್ನಿನ ಗುಪ್ತಚರ ಸಂಸ್ಥೆಯೊಂದರ ಒಳಗೆ ಇದೇ ದಾರಿ ಸಿಕ್ಕಿತ್ತು. 1997ರವರೆಗೆ ಅದು ಹೊರಗೆ ಬರಲಿಲ್ಲ. ಗುಟ್ಟಿನ ವಿದ್ಯೆಯೇ ಗುಟ್ಟಾಗಿ ಉಳಿದ ಕತೆ.

ಒಂದು ಎಚ್ಚರಿಕೆ. ಈ ವಿಧಾನ ಕೀಲಿ ಕೊಡುತ್ತದೆ, ಆಚೆ ಇರುವವರು ಯಾರು ಅಂತ ಹೇಳುವುದಿಲ್ಲ. ನಡುವಿನ ಬೆಂಚಿನವನು ಇಬ್ಬರ ಕೂಗನ್ನೂ ತಡೆದು, ಹುಡುಗಿಗೆ ಹುಡುಗನ ಹಾಗೆ, ಹುಡುಗನಿಗೆ ಹುಡುಗಿಯ ಹಾಗೆ ನಟಿಸಿದರೆ ಇಬ್ಬರೂ ಮೋಸಹೋಗುತ್ತಾರೆ. ಬ್ರೌಸರ್ ಪ್ರತಿ ಸೈಟಿನ ಪ್ರಮಾಣಪತ್ರ ನೋಡುವುದು ಇದಕ್ಕಾಗಿ.

ಜಿಪ್ ಫೈಲನ್ನು ಮತ್ತೆ ಜಿಪ್ ಮಾಡಿದರೆ?

ಜಿಪ್ ಅಂದರೆ ಕುಗ್ಗಿಸಿಟ್ಟ ಫೈಲ್. ಅದು ಇನ್ನಷ್ಟು ಕುಗ್ಗುವುದಿಲ್ಲ. ಕೆಲವು ಸಲ ಒಂಚೂರು ದೊಡ್ಡದೇ ಆಗುತ್ತದೆ. ಫೈಲ್ ಕುಗ್ಗಿಸುವ ಜಾಣತನ ಇರುವುದು ಪದೇಪದೇ ಬರುವುದನ್ನು ಚಿಕ್ಕದಾಗಿ ಬರೆಯುವುದರಲ್ಲಿ. 1952ರಲ್ಲಿ ಪ್ರಕಟವಾದ ಹಫ್‌ಮನ್ ವಿಧಾನ ಜಾಸ್ತಿ ಬರುವ ಅಕ್ಷರಕ್ಕೆ ಕಡಿಮೆ ಬಿಟ್, ಅಪರೂಪದ್ದಕ್ಕೆ ಹೆಚ್ಚು ಬಿಟ್ ಕೊಡುತ್ತದೆ. ಡೇವಿಡ್ ಹಫ್‌ಮನ್ ಆಗ ಎಂಐಟಿಯಲ್ಲಿ ವಿದ್ಯಾರ್ಥಿ. ಪರೀಕ್ಷೆ ಬರೆಯುವ ಬದಲು ಪ್ರಬಂಧ ಬರೆಯಬಹುದು ಅಂತ ಮೇಷ್ಟ್ರು ಹೇಳಿದ್ದಕ್ಕೆ ಅವರು ಕೈಹಾಕಿದ ವಿಷಯ ಇದು.

ಪ್ರತಿ ಫೈಲನ್ನೂ ಕುಗ್ಗಿಸುವ ಪ್ರೋಗ್ರಾಮ್ ಇರಲು ಸಾಧ್ಯವೇ ಇಲ್ಲ. ಇದನ್ನು ಬೆರಳಲ್ಲೇ ಎಣಿಸಬಹುದು. 3 ಬಿಟ್ ಉದ್ದದ ಫೈಲುಗಳು ಒಟ್ಟು 8. ಅದಕ್ಕಿಂತ ಚಿಕ್ಕವು 2 ಬಿಟ್ಟಿನವು 4, 1 ಬಿಟ್ಟಿನವು 2, ಖಾಲಿ ಫೈಲ್ 1, ಒಟ್ಟು 7. ಎಂಟು ಜನರನ್ನು ಏಳು ಕುರ್ಚಿಯಲ್ಲಿ ಒಬ್ಬೊಬ್ಬರಾಗಿ ಕೂರಿಸಲು ಹೋದ ಹಾಗೆ. ಫೋಟೊ ಫೈಲುಗಳು ಅಷ್ಟು ಚಿಕ್ಕದಾಗುವುದು ಬೇರೆ ಉಪಾಯದಿಂದ. ನಮ್ಮ ಕಣ್ಣಿಗೆ ತಿಳಿಯದ ವಿವರವನ್ನು ಅಲ್ಲಿ ಎಸೆದುಬಿಡುತ್ತಾರೆ, ಅದು ವಾಪಸ್ ಬರುವುದಿಲ್ಲ.

ಆಟ ಕಲಿತ ಬೆಂಕಿಪೊಟ್ಟಣಗಳು

1961ರಲ್ಲಿ ಬ್ರಿಟನ್ನಿನ ಡೊನಾಲ್ಡ್ ಮಿಕಿ ಒಂದು ಕಲಿಯುವ ಯಂತ್ರ ಮಾಡಿದರು. ಕೈಗೆ ಕಂಪ್ಯೂಟರ್ ಇರಲಿಲ್ಲ. ಬಳಸಿದ್ದು 304 ಬೆಂಕಿಪೊಟ್ಟಣ ಮತ್ತು ಬಣ್ಣಬಣ್ಣದ ಮಣಿ.

ಆಟ ಟಿಕ್-ಟ್ಯಾಕ್-ಟೋ. ಆಟದಲ್ಲಿ ಎದುರಾಗಬಹುದಾದ ಒಂದೊಂದು ಸ್ಥಿತಿಗೆ ಒಂದೊಂದು ಪೊಟ್ಟಣ. ಒಳಗಿನ ಮಣಿಯ ಬಣ್ಣ ಯಾವ ಮನೆಯಲ್ಲಿ ಗುರುತು ಹಾಕಬೇಕು ಅಂತ ಹೇಳುತ್ತದೆ. ಯಂತ್ರದ ಸರದಿ ಬಂದಾಗ ಆಗಿನ ಸ್ಥಿತಿಯ ಪೊಟ್ಟಣ ಅಲುಗಾಡಿಸಿ ಒಂದು ಮಣಿ ತೆಗೆಯುವುದು, ಅದು ಹೇಳಿದ ಕಡೆ ಆಡುವುದು. ಆಟ ಮುಗಿದ ಮೇಲೆ ಪಾಠ. ಗೆದ್ದರೆ ಆಡಿದ ಪ್ರತಿ ನಡೆಗೂ ಅದೇ ಬಣ್ಣದ ಮೂರು ಮಣಿ ಹೆಚ್ಚಿಗೆ ಹಾಕುವುದು. ಸಮ ಆದರೆ ಒಂದು. ಸೋತರೆ ತೆಗೆದ ಮಣಿ ವಾಪಸ್ ಹಾಕುವುದಿಲ್ಲ. ಶುರುವಿನಲ್ಲಿ ಯಂತ್ರ ಕುರುಡಾಗಿ ಆಡುತ್ತದೆ. ಆಡುತ್ತಾ ಆಡುತ್ತಾ ಕೆಟ್ಟ ನಡೆಯ ಮಣಿ ಕಡಿಮೆಯಾಗಿ, ಒಳ್ಳೆಯ ನಡೆಯದು ಹೆಚ್ಚುತ್ತದೆ. ಕೊನೆಗೆ ಅದನ್ನು ಸೋಲಿಸುವುದೇ ಕಷ್ಟ.

ಆಟ ಆಡುವುದು ಹೇಗೆ ಅಂತ ಯಂತ್ರಕ್ಕೆ ಯಾರೂ ಹೇಳಿಕೊಡಲಿಲ್ಲ. ಯಾವ ಪೊಟ್ಟಣ ತೆರೆದು ನೋಡಿದರೂ ‘ಇಲ್ಲಿ ಹೀಗೆ ಆಡು’ ಅನ್ನುವ ಚೀಟಿ ಸಿಗುವುದಿಲ್ಲ. ಕಲಿತದ್ದೆಲ್ಲ ಮಣಿಗಳ ಎಣಿಕೆಯಲ್ಲಿದೆ. ಇಂದಿನ ಎಐ ಕೂಡ ಕಲಿತದ್ದನ್ನು ಸಂಖ್ಯೆಗಳಲ್ಲೇ ಇಟ್ಟುಕೊಳ್ಳುತ್ತದೆ. 2020ರಲ್ಲಿ ಬಂದ ಜಿಪಿಟಿ-3ರಲ್ಲಿ ಅಂಥ ಸಂಖ್ಯೆಗಳು 17,500 ಕೋಟಿ. ಕಲಿಯುವ ಕ್ರಮ ಮಾತ್ರ ಬೇರೆ. ಅಲ್ಲಿ ಗೆಲುವು ಸೋಲಿನ ಬದಲು, ಮುಂದಿನ ಪದ ಯಾವುದು ಅಂತ ಊಹಿಸಿ, ತಪ್ಪಾದಷ್ಟು ಸಂಖ್ಯೆಗಳನ್ನು ತುಸು ಬದಲಿಸುತ್ತಾ ಹೋಗುತ್ತಾರೆ. ಅದು ಯಾಕೆ ಹಾಗೆ ಉತ್ತರ ಕೊಟ್ಟಿತು ಅಂತ ಹೇಳುವುದು ಯಾಕೆ ಕಷ್ಟ ಅನ್ನುವುದು ಪೊಟ್ಟಣ ತೆರೆದು ನೋಡಿದವರಿಗೆ ಅರ್ಥವಾಗುತ್ತದೆ.

304 ಪೊಟ್ಟಣ ಜೋಡಿಸುವುದು ಇಡೀ ತರಗತಿ ಸೇರಿ ಮಾಡುವ ಕೆಲಸ. ಮೂರು ಮೂರರ ಮನೆಗಳಲ್ಲಿ ಚದುರಂಗದ ಕಾಲಾಳುಗಳಿಂದಲೇ ಆಡುವ ಹೆಕ್ಸಾಪಾನ್ ಅನ್ನುವ ಪುಟ್ಟ ಆಟಕ್ಕೆ 24 ಸಾಕು.

ಎಲ್ಲಿಂದ ಶುರು ಮಾಡುವುದು?

ಇವಕ್ಕೆ ಒಂದು ಕ್ರಮ ಅಂತಿಲ್ಲ. ಚೀಟಿ ಆಟ ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತದೆ, ಗಣಿತ ಅಂದರೆ ದೂರ ಓಡುವವರಿಗೂ ಹಿಡಿಸುತ್ತದೆ. ಕೀಲಿಯ ಆಟಕ್ಕೆ ಮೊದಲು ಶೇಷದ ಲೆಕ್ಕ ಕೈಗೆ ಹತ್ತಬೇಕು. ಅಕ್ಷರಗಳ ವಿಷಯ ಪ್ರೋಗ್ರಾಮ್ ಬರೆಯಲು ಬರುವವರಿಗೆ ಹೇಳಿ ಮಾಡಿಸಿದ್ದು. ಒಂದು ವಿಷಯವನ್ನು ಪೂರ್ತಿ ಕೈಯಾರೆ ಮಾಡಿ ನೋಡುವುದು ಆರು ವಿಷಯಗಳ ವಿಡಿಯೊ ನೋಡುವುದಕ್ಕಿಂತ ಚೆನ್ನಾಗಿ ನೆನಪುಳಿಯುತ್ತದೆ ಅನ್ನುವುದು ನನ್ನ ಅನಿಸಿಕೆ.

ಯಾವ ಪ್ರೋಗ್ರಾಮೂ ಹೇಳಲಾರದ ಉತ್ತರ

ಎಐ ಬರೆದ ಪ್ರೋಗ್ರಾಮ್ ಸರಿಯಿದೆಯೋ ಇಲ್ಲವೋ ಪರೀಕ್ಷಿಸಲು ಇನ್ನೊಂದು ಪ್ರೋಗ್ರಾಮ್ ಬರೆದರೆ ಮುಗಿಯಿತಲ್ಲ ಅನ್ನಿಸಬಹುದು. ತೀರಾ ಸಣ್ಣ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಕೊಟ್ಟ ಪ್ರೋಗ್ರಾಮ್ ಎಂದಾದರೂ ನಿಲ್ಲುತ್ತದೆಯೋ, ಲೂಪಿನಲ್ಲಿ ಸಿಕ್ಕಿ ಸುತ್ತುತ್ತಲೇ ಇರುತ್ತದೆಯೋ? ಇಷ್ಟನ್ನು ಮಾತ್ರ ಹೇಳುವ ಪ್ರೋಗ್ರಾಮ್ ಬೇಕು.

ಅಂಥದ್ದೊಂದು ಇದೆ ಅಂತಿಟ್ಟುಕೊಳ್ಳಿ. ಅದನ್ನು ಜೋಯಿಸ ಅಂತ ಕರೆಯೋಣ. ಯಾವ ಪ್ರೋಗ್ರಾಮ್ ಕೊಟ್ಟರೂ ‘ನಿಲ್ಲುತ್ತದೆ’ ಅಥವಾ ‘ನಿಲ್ಲುವುದಿಲ್ಲ’ ಅಂತ ಹೇಳುತ್ತಾನೆ, ಎಂದೂ ತಪ್ಪುವುದಿಲ್ಲ. ಈಗ ನಾವು ಒಂದು ಹಠಮಾರಿ ಪ್ರೋಗ್ರಾಮ್ ಬರೆಯುತ್ತೇವೆ. ಅದು ತನ್ನ ಬಗ್ಗೆಯೇ ಜೋಯಿಸನನ್ನು ಕೇಳುತ್ತದೆ. ಅವನು ‘ನೀನು ನಿಲ್ಲುತ್ತೀಯ’ ಅಂದರೆ, ಕೊನೆಯಿಲ್ಲದ ಲೂಪಿಗೆ ಬೀಳುತ್ತದೆ. ‘ನಿಲ್ಲುವುದಿಲ್ಲ’ ಅಂದರೆ, ಅಲ್ಲೇ ನಿಲ್ಲುತ್ತದೆ. ಏನು ಹೇಳಿದರೂ ಜೋಯಿಸನ ಮಾತು ಸುಳ್ಳಾಯಿತು. ತಪ್ಪದ ಜೋಯಿಸ ಇರುವುದಕ್ಕೆ ಸಾಧ್ಯವಿಲ್ಲ.

1936ರಲ್ಲಿ ಅಲನ್ ಟ್ಯೂರಿಂಗ್ ಇದರ ತಿರುಳನ್ನು ಸಾಧಿಸಿ ತೋರಿಸಿದಾಗ ಇಂದು ನಾವು ಕಂಪ್ಯೂಟರ್ ಅನ್ನುವ ಯಂತ್ರ ಇನ್ನೂ ಹುಟ್ಟಿರಲಿಲ್ಲ. ಎಷ್ಟೇ ವೇಗದ ಯಂತ್ರ ಬಂದರೂ, ಎಂಥ ಎಐ ಬಂದರೂ ಈ ಗೋಡೆ ಹಾಗೇ ಇರುತ್ತದೆ. ಒಂದು ನಿರ್ದಿಷ್ಟ ಪ್ರೋಗ್ರಾಮ್ ನಿಲ್ಲುತ್ತದೆಯೋ ಇಲ್ಲವೋ ಅಂತ ಎಷ್ಟೋ ಸಲ ಹೇಳಬಹುದು. ಎಲ್ಲ ಪ್ರೋಗ್ರಾಮುಗಳಿಗೂ ತಪ್ಪದೆ ಹೇಳುವ ಒಂದೇ ವಿಧಾನ ಇಲ್ಲ, ಅಷ್ಟೇ.

ಆದರೆ ಆ ಒಂದು ನಿರ್ದಿಷ್ಟ ಪ್ರೋಗ್ರಾಮ್ ಕೂಡ ಎಷ್ಟು ಕಾಡಬಹುದು ಅಂತ ನೋಡಬೇಕೇ? 1, 2, 3 ಅಂತ ಎಣಿಸುವ ಸಂಖ್ಯೆಗಳಲ್ಲಿ ಯಾವುದಾದರೂ ಒಂದನ್ನು ತೆಗೆದುಕೊಳ್ಳಿ. ಸಮ ಆದರೆ ಅರ್ಧ ಮಾಡಿ. ಬೆಸ ಆದರೆ ಮೂರರಿಂದ ಗುಣಿಸಿ 1 ಕೂಡಿಸಿ. 1 ಬರುವವರೆಗೂ ಹೀಗೇ ಮಾಡುತ್ತಾ ಹೋಗಿ. ಪ್ರೋಗ್ರಾಮ್ ಬರೆದರೆ ಐದಾರು ಸಾಲು. ಜರ್ಮನಿಯ ಲೋಥರ್ ಕೊಲಾಟ್ಸ್ ಹೆಸರಿನ ಈ ಲೆಕ್ಕ ಯಾವ ಸಂಖ್ಯೆಯಿಂದ ಹೊರಟರೂ ನಿಲ್ಲುತ್ತದೆಯೇ ಅಂತ ಇನ್ನೂ ಯಾರೂ ಸಾಧಿಸಿಲ್ಲ. 26ರಿಂದ ಹೊರಟರೆ 10 ಹೆಜ್ಜೆಗೆ ಮುಗಿಯುತ್ತದೆ. 27ರಿಂದ ಹೊರಡುವುದಾದರೆ ಕಾಗದ ಜಾಸ್ತಿ ಇಟ್ಟುಕೊಳ್ಳಿ. ಅದು 9232ರವರೆಗೆ ಏರಿ, 111 ಹೆಜ್ಜೆ ಆದ ಮೇಲೆ ಕೆಳಗಿಳಿದು 1ಕ್ಕೆ ಬರುತ್ತದೆ.